ಲೇಯೊನ್‌ಬೆರ್ಗ್ ಜಿಲ್ಲೆ ಎಲ್ಲಿ ಹೋಯಿತು?

ಜರ್ಮನಿಯ ಸ್ಟಟ್‌ಗಾರ್ಟ್ ಪಕ್ಕದ ಲೇಯೊನ್‌ಬೆರ್ಗ್‌ಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು 'ಎಲ್ಇಓ' ಎಂದು ಶುರುವಾಗುವ ನಂಬರ್ ಪ್ಲೇಟ್‌ಗಳು. ಇಲ್ಲಿ ಪ್ಲೇಟ್‌ನ ಮೊದಲ ಅಕ್ಷರಗಳು ಜಿಲ್ಲೆಯ ಗುರುತು. ಹಾಗಾದರೆ ಇದೇ ಜಿಲ್ಲಾ ಕೇಂದ್ರ ಅಲ್ವಾ? ಅಲ್ಲ. ಜಿಲ್ಲಾ ಕಚೇರಿ ಇರುವುದು ಬೋಬ್ಲಿಂಗನ್‌ನಲ್ಲಿ. ಲೇಯೊನ್‌ಬೆರ್ಗ್ ಜಿಲ್ಲೆ 1973ರ ಜನವರಿ 1ಕ್ಕೇ ಮುಗಿದುಹೋಯಿತು.

ಇಲ್ಲಿ ಜಿಲ್ಲೆಗೆ ಲಾಂಡ್‌ಕ್ರೈಸ್ ಎನ್ನುತ್ತಾರೆ. ನಮ್ಮ ಡಿಸಿ ಕಚೇರಿಯನ್ನೂ ಜಿಲ್ಲಾ ಪಂಚಾಯಿತಿಯನ್ನೂ ಒಂದೇ ಸೂರಿನಡಿ ತಂದ ಹಾಗೆ. ಆದರೆ ಮುಖ್ಯಸ್ಥನನ್ನು, ಅಂದರೆ ಲಾಂಡ್‌ರಾಟ್‌ನನ್ನು, ಮೇಲಿನವರು ವರ್ಗ ಮಾಡಿ ಕಳಿಸುವುದಿಲ್ಲ. ಈ ಊರಿರುವ ಬಾಡೆನ್-ವುರ್ಟೆಂಬೆರ್ಗ್ ರಾಜ್ಯದಲ್ಲಿ ಜಿಲ್ಲಾ ಸಭೆಯೇ 8 ವರ್ಷಕ್ಕೆ ಆರಿಸುತ್ತದೆ.

ವುರ್ಟೆಂಬೆರ್ಗ್ ರಾಜರ ಕಾಲದಲ್ಲಿ ಲೇಯೊನ್‌ಬೆರ್ಗ್ 'ಓಬರ್‌ಆಮ್ಟ್' ಎಂಬ ಆಡಳಿತ ವಿಭಾಗವಾಗಿತ್ತು. 1938ರಲ್ಲಿ ಲಾಂಡ್‌ಕ್ರೈಸ್ ಆಯಿತು. ಈ ಊರಿನ ಕಚೇರಿಗಳ ಕಥೆ ಇನ್ನೂ ಹಳೆಯದು. ಖಗೋಳ ವಿಜ್ಞಾನಿ ಕೆಪ್ಲರನ ತಾಯಿಯ ಮೇಲೆ ಮಾಟಗಾತಿ ಎಂಬ ಆರೋಪ ಬಂದದ್ದು 1615ರಲ್ಲಿ, ಇಲ್ಲೇ. ಬಿಡುಗಡೆ ಸಿಕ್ಕಿದ್ದು 1621ರಲ್ಲಿ. ವೀಸಾ ಕಾಗದಕ್ಕೆ ಆರು ವಾರ ಕಾಯುವಾಗ ನನಗೆ ಆ ಅಜ್ಜಿ ನೆನಪಾಗುತ್ತಾಳೆ.

ಸಣ್ಣ ಜಿಲ್ಲೆಗಳಿಗೆ ಕೆಲಸದ ಹೊರೆ ತಡೆಯುವುದಿಲ್ಲ ಎಂದು 1973ರಲ್ಲಿ ರಾಜ್ಯದ 63 ಜಿಲ್ಲೆಗಳನ್ನು 35ಕ್ಕೆ ಇಳಿಸಿದರು. ಲೇಯೊನ್‌ಬೆರ್ಗ್ ಜಿಲ್ಲೆ ಇಡಿಯಾಗಿ ಒಬ್ಬರ ಪಾಲಾಗಲಿಲ್ಲ, ಹರಿದು ಹಂಚಿಹೋಯಿತು. ಲೇಯೊನ್‌ಬೆರ್ಗ್, ರೆನಿಂಗನ್, ರೂಟೆಸ್‌ಹೈಮ್ ಬೋಬ್ಲಿಂಗನ್‌ಗೆ ಸೇರಿದವು. ಗೆರ್ಲಿಂಗನ್, ಡಿಟ್ಸಿಂಗನ್ ಲುಡ್ವಿಗ್ಸ್‌ಬುರ್ಗ್‌ಗೆ. ಹೈಮ್ಸ್‌ಹೈಮ್ ಹೊಸ ಎಂಟ್ಸ್‌ಕ್ರೈಸ್‌ಗೆ ಹೋಯಿತು. ಅದರ ಕಚೇರಿ ಇರುವ ಫೋರ್ಟ್ಸ್‌ಹೈಮ್ ನಗರ ಆ ಜಿಲ್ಲೆಗೇ ಸೇರಿಲ್ಲ!

ಬೆಂಗಳೂರಿನ ಬಾಷ್‌ನಿಂದ ಬಂದವರಿಗೆ ಇದು ನೇರವಾಗಿ ತಟ್ಟುತ್ತದೆ. ಕಂಪನಿಯ ಕೇಂದ್ರ ಗೆರ್ಲಿಂಗನ್‌ನಲ್ಲಿದೆ, ಸಂಶೋಧನಾ ಕ್ಯಾಂಪಸ್ ರೆನಿಂಗನ್‌ನಲ್ಲಿ. ಎರಡೂ ಹಳೆಯ ಲೇಯೊನ್‌ಬೆರ್ಗ್ ಜಿಲ್ಲೆಯವೇ, ಈಗ ಬೇರೆ ಬೇರೆ ಜಿಲ್ಲೆ. ಎಸ್6 ರೈಲಿನಲ್ಲಿ ಲೇಯೊನ್‌ಬೆರ್ಗ್‌ನಿಂದ ಡಿಟ್ಸಿಂಗನ್ ಎರಡೇ ಸ್ಟಾಪ್. ಅಷ್ಟರಲ್ಲಿ ಕಸದ ಡಬ್ಬಿಯ ನಿಯಮ, ಕಾರು ನೋಂದಣಿ ಕಚೇರಿ ಎಲ್ಲ ಬದಲಾಗಿರುತ್ತವೆ. ಹಾಗಾಗಿ ಸಹೋದ್ಯೋಗಿ ಹೋದ ಕಚೇರಿಗೇ ಸುಮ್ನೆ ಹೋಗಬೇಡಿ, ನಿಮ್ಮ ವಿಳಾಸ ಯಾವ ಜಿಲ್ಲೆಯದು ನೋಡಿ.

ವೀಸಾ ವಿಸ್ತರಣೆಗೆ ಇನ್ನೊಂದು ಲೆಕ್ಕ. ಲೇಯೊನ್‌ಬೆರ್ಗ್‌ನಂಥ ದೊಡ್ಡ ಊರಿಗೆ ತನ್ನದೇ ವಿದೇಶಿಯರ ಕಚೇರಿ ಇದೆ. ರೂಟೆಸ್‌ಹೈಮ್‌ನಂಥ ಚಿಕ್ಕ ಊರಿನವರು ಜಿಲ್ಲಾ ಕಚೇರಿಗೇ ಹೋಗಬೇಕು. ಡ್ರೈವಿಂಗ್ ಲೈಸೆನ್ಸ್ ವಿಷಯದಲ್ಲೂ ತಡ ಮಾಡಬೇಡಿ, ಇಲ್ಲಿ ನೆಲೆಸಿದ ಮೇಲೆ ಭಾರತದ ಲೈಸೆನ್ಸ್ 6 ತಿಂಗಳಷ್ಟೇ ನಡೆಯುತ್ತದೆ.

ಇನ್ನು ಆ ಪ್ಲೇಟ್. 2012ರ ನವೆಂಬರ್‌ನಲ್ಲಿ ನಿಯಮ ಸಡಿಲಿಸಿ, ಹಳೆಯ ಜಿಲ್ಲೆಗಳ ಅಕ್ಷರಗಳನ್ನು ಮತ್ತೆ ಕೊಡಲು ಬಿಟ್ಟರು. ಜನ ಮುಗಿಬಿದ್ದು ತೆಗೆದುಕೊಂಡರು. ಬೋಬ್ಲಿಂಗನ್ ಜಿಲ್ಲೆಯಲ್ಲಿ ಕಾರು ನೋಂದಾಯಿಸುವಾಗ 'ಬಿಬಿ' ಬೇಕೋ 'ಎಲ್ಇಓ' ಬೇಕೋ ಎಂದು ನೀವೇ ಆರಿಸಬಹುದು. ನಾನು ಎಲ್ಇಓ ತೆಗೆದುಕೊಂಡೆ. ಲೇಯೊ ಅಂದರೆ ಸಿಂಹ, ಬಿಡೋಕಾಗುತ್ತಾ?