ಹಾರ್ನ್ ಕೂಗದಿದ್ದರೆ ಮೊದಲು ಬೆಲ್ ಬಾರಿಸಿ ನೋಡಿ

ಮಾದರಿ ರೈಲಿನ ಡಿಸಿಸಿ (ಹಳಿಯ ಮೂಲಕವೇ ಡಿಜಿಟಲ್ ಆದೇಶ ಕಳಿಸುವ ವ್ಯವಸ್ಥೆ) ಎಂಜಿನ್ ಹಾರ್ನ್ ಹೊಡೆಯುತ್ತಿಲ್ಲ ಅಂದಕೂಡಲೇ ನಾನು ಸ್ಕ್ರೂಡ್ರೈವರ್ ಹಿಡಿಯುವುದಿಲ್ಲ. ಥ್ರಾಟಲ್ (ಎಂಜಿನ್ ಓಡಿಸುವ ಕೈಪೆಟ್ಟಿಗೆ) ಹಿಡಿದು ಎಫ್0 ಒತ್ತಿ ದೀಪ ನೋಡುತ್ತೇನೆ, ಎಫ್1 ಒತ್ತಿ ಬೆಲ್ ಕೇಳುತ್ತೇನೆ, ಆಮೇಲೆ ಹಾರ್ನಿನ ಗುಂಡಿ ಎಫ್2. ದೀಪ ಹತ್ತಿ, ಬೆಲ್ ಬಾರಿಸಿ, ಹಾರ್ನ್ ಮಾತ್ರ ಸುಮ್ಮನಿದ್ದರೆ ಸ್ಪೀಕರ್ ಸರಿಯಿದೆ, ವೈರ್ ಸರಿಯಿದೆ, ದೋಷ ಸೆಟ್ಟಿಂಗ್‌ನಲ್ಲಿದೆ. ಅಂಥ ಎಂಜಿನ್‌ನ ಬಾಡಿ ಬಿಚ್ಚಿದರೆ ಹ್ಯಾಂಡ್‌ರೇಲ್ ಮುರಿಯುವುದಷ್ಟೇ ಲಾಭ. ದೀಪ ಹತ್ತಿ ಯಾವ ಸದ್ದೂ ಇಲ್ಲದಿದ್ದರೆ ಮೊದಲು ಮ್ಯೂಟ್ ಪರೀಕ್ಷಿಸಬೇಕು. ಕೆಲವು ಡಿಕೋಡರ್‌ಗಳಲ್ಲಿ (ಎಂಜಿನ್ ಒಳಗಿದ್ದು ಆದೇಶ ಪಾಲಿಸುವ ಸರ್ಕ್ಯೂಟ್) ಎಫ್8 ಮ್ಯೂಟ್, ಇನ್ನು ಕೆಲವದರಲ್ಲಿ ಅದೇ ಗುಂಡಿ ಎಂಜಿನ್ ಸ್ಟಾರ್ಟ್. ಯುರೋಪಿನ ಮಾದರಿಗಳಲ್ಲಿ ಎಫ್1 ಬೆಲ್ ಆಗಿರದೆ ಸೌಂಡ್ ಶುರುಮಾಡುವ ಗುಂಡಿಯಾಗಿರುವುದೂ ಉಂಟು. ದೀಪವೇ ಹತ್ತದಿದ್ದರೆ ವಿಳಾಸ (ಎಂಜಿನ್ ಅನ್ನು ಕರೆಯುವ ಸಂಖ್ಯೆ) ತಪ್ಪಿದೆ, ಇಲ್ಲವೇ ಕರೆಂಟ್ ತಲುಪುತ್ತಿಲ್ಲ. ಅಲ್ಲಿಗೆ ಹಾರ್ನ್ ವಿಚಾರ ಬದಿಗೆ.

ಬೆಲ್ ಇದ್ದು ಹಾರ್ನ್ ಇಲ್ಲದಿದ್ದಾಗ ನಾನು ಮೊದಲು ಓದುವುದು ಹಾರ್ನಿನ ವಾಲ್ಯೂಮ್ ಸಿವಿ (ಸಿವಿ ಎಂದರೆ ಡಿಕೋಡರ್‌ನ ಒಂದೊಂದು ಸೆಟ್ಟಿಂಗ್ ಕೂರುವ ಅಂಕಿತ ಜಾಗ). ಸೌಂಡ್‌ಟ್ರಾಕ್ಸ್‌ನ ಸುನಾಮಿ ಡಿಕೋಡರ್‌ಗಳಲ್ಲಿ ಸಿವಿ 128 ಒಟ್ಟು ವಾಲ್ಯೂಮ್, ಸಿವಿ 129 ಹಾರ್ನಿನದು. ಇಎಸ್‌ಯು ಲೋಕ್‌ಸೌಂಡ್ 4 ಮತ್ತು 5ರಲ್ಲಿ ಒಟ್ಟು ವಾಲ್ಯೂಮ್ ಸಿವಿ 63, ಗರಿಷ್ಠ 192. ಅದರಲ್ಲಿ ಪ್ರತಿ ಸದ್ದಿಗೂ ಬೇರೆ ವಾಲ್ಯೂಮ್ ಇದೆ, ಆದರೆ ಅದನ್ನು ಮುಟ್ಟುವ ಮೊದಲು ಸಿವಿ 31ಕ್ಕೆ 16, ಸಿವಿ 32ಕ್ಕೆ 1 ಬರೆಯಲೇಬೇಕು. ಯಾವ ಪುಟದ ಸಿವಿ ಎಂದು ಹೇಳುವುದೇ ಈ ಎರಡು, ಇವನ್ನು ಮರೆತರೆ ಬರೆದ ಬೆಲೆ ಬೇರೆ ಪುಟಕ್ಕೆ ಹೋಗಿ ಕೂರುತ್ತದೆ. ಹಾರ್ನ್ ಬದಲಾಗುವುದಿಲ್ಲ, ಇನ್ನೇನೋ ಬದಲಾಗಿರುತ್ತದೆ. 'ಸಿವಿ ಬರೆದೆ, ಏನೂ ಆಗಲಿಲ್ಲ' ಎನ್ನುವವರಿಗೆ ನಾನು ಕೇಳುವ ಮೊದಲ ಪ್ರಶ್ನೆಯೇ ಇದು.

ಎರಡನೆಯದು ಜೋಡಿ ಎಂಜಿನ್‌ಗಳ ಸಮಸ್ಯೆ. ಎರಡು ಮೂರು ಎಂಜಿನ್ ಸೇರಿಸಿ ಒಂದೇ ವಿಳಾಸದಲ್ಲಿ ಓಡುವ ಕಾನ್ಸಿಸ್ಟ್ ಮಾಡಿದಾಗ ಡಿಕೋಡರ್‌ನ ಸಿವಿ 19ರಲ್ಲಿ ಕಾನ್ಸಿಸ್ಟ್ ವಿಳಾಸ ಕೂರುತ್ತದೆ. ಎಫ್1ರಿಂದ ಎಫ್8ರವರೆಗಿನ ಯಾವ ಗುಂಡಿ ಆ ವಿಳಾಸಕ್ಕೆ ಓಗೊಡಬೇಕು ಎಂಬುದನ್ನು ಹೇಳುವುದು ಸಿವಿ 21. ಅದು ಸೊನ್ನೆಯಾಗಿದ್ದರೆ ಕಾನ್ಸಿಸ್ಟ್ ವಿಳಾಸದಲ್ಲಿ ಎಷ್ಟು ಒತ್ತಿದರೂ ಹಾರ್ನ್ ಬರದು. ಎಫ್1ಕ್ಕೆ 1, ಎಫ್2ಕ್ಕೆ 2. ಎರಡೂ ಬೇಕಾದರೆ ಕೂಡಿಸಿ 3. ನಾನು ಮುಂದಿನ ಎಂಜಿನ್‌ಗೆ ಮಾತ್ರ 3 ಬರೆದು, ಉಳಿದವಕ್ಕೆ 0 ಬಿಡುತ್ತೇನೆ. ಇಲ್ಲದಿದ್ದರೆ ಮೂರೂ ಎಂಜಿನ್ ಒಟ್ಟಿಗೆ ಕೂಗಿ ಕಿವಿಗೆ ಹಿಂಸೆ. ಕಾನ್ಸಿಸ್ಟ್ ಬಿಡಿಸಿದ ಮೇಲೂ ಸಿವಿ 19ರಲ್ಲಿ ಹಳೆಯ ಅಂಕಿ ಉಳಿದಿರಬಹುದು. ಆಗ ಸ್ವಂತ ವಿಳಾಸದಲ್ಲಿ ದೀಪ ಹತ್ತಿದರೂ ಎಂಜಿನ್ ಕದಲುವುದಿಲ್ಲ, ಸಿವಿ 21ರಲ್ಲಿ 3 ಇದ್ದರೆ ಕೆಲವು ಡಿಕೋಡರ್‌ಗಳಲ್ಲಿ ಹಾರ್ನೂ ಕೂಗದಿರಬಹುದು. ಸಿವಿ 19ಕ್ಕೆ 0 ಬರೆದರೆ ಸಾಕು.

ಇದಾವುದಕ್ಕೂ ಜಗ್ಗದಿದ್ದರೆ ಮಾತ್ರ ರೀಸೆಟ್. ಲೋಕ್‌ಸೌಂಡ್, ಸುನಾಮಿ ಎರಡರಲ್ಲೂ ಸಿವಿ 8ಕ್ಕೆ 8 ಬರೆದು, ಹಳಿಯ ಕರೆಂಟ್ ಒಮ್ಮೆ ತೆಗೆದು ಕೊಟ್ಟರೆ ಮೂಲ ಸೆಟ್ಟಿಂಗ್ ಬರುತ್ತದೆ. ವಿಳಾಸವೂ 3ಕ್ಕೆ ಮರಳುತ್ತದೆ ಎಂಬುದು ನೆನಪಿರಲಿ. ಪ್ರೋಗ್ರಾಮಿಂಗ್ ಹಳಿಯಲ್ಲಿ (ಸಿವಿ ಓದಿ ಬರೆಯಲೆಂದೇ ಇರುವ ಪ್ರತ್ಯೇಕ ಹಳಿ) ಸಿವಿ ಓದಲಾಗದಿದ್ದರೆ ಡಿಕೋಡರ್ ಸತ್ತಿದೆ ಎಂದುಕೊಳ್ಳಬೇಡಿ. ಆ ಹಳಿಗೆ ಬರುವ ಕರೆಂಟ್ ಬಹಳ ಕಡಿಮೆ. ಕೀಪ್ ಅಲೈವ್ ಕೆಪಾಸಿಟರ್ (ಹಳಿಯ ಕರೆಂಟ್ ಕ್ಷಣಕಾಲ ತಪ್ಪಿದಾಗ ಡಿಕೋಡರ್ ಅನ್ನು ನಡೆಸುವಂಥದು) ಇದ್ದರೆ ಅದು ಚಾರ್ಜ್ ಆಗುವುದರಲ್ಲೇ ಆ ಕರೆಂಟನ್ನು ಹೀರಿಕೊಂಡು, ಡಿಕೋಡರ್ ಕೊಡುವ ಉತ್ತರ ಕಮಾಂಡ್ ಸ್ಟೇಷನ್‌ಗೆ (ಹಳಿಗೆ ಆದೇಶ ಕಳಿಸುವ ಪೆಟ್ಟಿಗೆಗೆ) ಕಾಣದಂತೆ ಮಾಡುತ್ತದೆ. ಕೆಪಾಸಿಟರ್‌ನ ಪ್ಲಗ್ ತೆಗೆದು ಓದಿ, ಇಲ್ಲವೇ ಮುಖ್ಯ ಹಳಿಯ ಮೇಲೆಯೇ ಬರೆಯಿರಿ.

ಹಾರ್ನ್ ಒಮ್ಮೆ ಶುರುವಾದರೆ ನಿಲ್ಲುವುದೇ ಇಲ್ಲ ಎಂಬುದು ಥ್ರಾಟಲ್‌ನ ತೊಂದರೆ. ಎಫ್2 ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಕೆಲಸ ಮಾಡಬೇಕು. ಅದನ್ನು ದೀಪದ ಗುಂಡಿಯಂತೆ ಒಮ್ಮೆ ಆನ್, ಒಮ್ಮೆ ಆಫ್ ಎಂದು ಸೆಟ್ ಮಾಡಿದ್ದರೆ ಹೀಗಾಗುತ್ತದೆ. ಮತ್ತೊಮ್ಮೆ ಒತ್ತಿದರೆ ನಿಲ್ಲುತ್ತದೆ. ಥ್ರಾಟಲ್ ಮೆನುವಿನಲ್ಲಿ ಎಫ್2 ಅನ್ನು ಮೊಮೆಂಟರಿ (ಒತ್ತಿದಷ್ಟು ಹೊತ್ತು ಮಾತ್ರ) ಮಾಡಿದರೆ ಶಾಶ್ವತ ಪರಿಹಾರ. ಹಾರ್ನ್ ಮಧ್ಯದಲ್ಲೇ ತುಂಡಾಗಿ, ಎಂಜಿನ್ ಸದ್ದು ಮೊದಲಿನಿಂದ ಶುರುವಾದರೆ ಡಿಕೋಡರ್‌ಗೆ ಒಂದು ಕ್ಷಣ ಕರೆಂಟ್ ತಪ್ಪಿದೆ ಎಂದರ್ಥ. ಪೇಪರ್ ಟವಲ್‌ಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಹಳಿಗೆ ಅಡ್ಡಲಾಗಿ ಹಾಸಿ, ಎಂಜಿನ್‌ನ ಒಂದು ಟ್ರಕ್‌ನ (ಗಾಲಿಗಳನ್ನು ಹಿಡಿದ ಚೌಕಟ್ಟಿನ) ಗಾಲಿಗಳನ್ನು ಅದರ ಮೇಲೂ ಇನ್ನೊಂದನ್ನು ಹಳಿಯ ಮೇಲೂ ಇಟ್ಟು ಓಡಿಸುತ್ತೇನೆ, ಆಮೇಲೆ ತಿರುಗಿಸಿ ಇನ್ನೊಂದು ಬದಿ. ಕಪ್ಪು ಪಟ್ಟಿ ಬೀಳುವುದು ನಿಲ್ಲುವವರೆಗೂ.

ಈಗ ಬಾಡಿ ಬಿಚ್ಚುವ ಸಂದರ್ಭ. ಯಾವ ಸದ್ದೂ ಇಲ್ಲ, ಅಥವಾ ಹಾರ್ನ್ ಒಡಕಲಾಗಿದೆ. ಸ್ಪೀಕರ್‌ನ ಒಂದು ವೈರನ್ನಾದರೂ ಡಿಕೋಡರ್‌ನಿಂದ ಬಿಡಿಸಿ ಮಲ್ಟಿಮೀಟರ್ ಇಡಿ. 8 ಓಮ್ ಸ್ಪೀಕರ್ ಸುಮಾರು 7 ಓಮ್ ತೋರಿಸಿದರೆ ಸರಿ. ಏನೂ ತೋರಿಸದಿದ್ದರೆ ಕಾಯಿಲ್ ಅಥವಾ ಬೆಸುಗೆ ಬಿಟ್ಟಿದೆ, ಸೊನ್ನೆಗೆ ಹತ್ತಿರವಿದ್ದರೆ ಶಾರ್ಟ್. 1.5 ವೋಲ್ಟ್ ಸೆಲ್ಲನ್ನು ಕ್ಷಣಕಾಲ ತಾಕಿಸಿದರೆ 'ಟಕ್' ಎನ್ನಬೇಕು, ಕೋನ್ ಸ್ವಲ್ಪ ಜಿಗಿಯಬೇಕು. ಎರಡು ಸ್ಪೀಕರ್ ಇದ್ದರೆ ಎರಡರ ಕೋನೂ ಒಂದೇ ದಿಕ್ಕಿಗೆ ಜಿಗಿಯುತ್ತವೆಯೇ ನೋಡಿ. ವಿರುದ್ಧ ದಿಕ್ಕಿಗಾದರೆ ಒಂದರ ಸದ್ದನ್ನು ಇನ್ನೊಂದು ನುಂಗುತ್ತದೆ. ಒಂದರ ವೈರ್ ಅದಲುಬದಲು ಮಾಡಿದರೆ ಮುಗಿಯಿತು. 8 ಓಮ್‌ನ ಎರಡನ್ನು ಪ್ಯಾರಲಲ್ ಜೋಡಿಸಿದರೆ 4 ಓಮ್ ಆಗುತ್ತದೆ, ಡಿಕೋಡರ್ ಅದನ್ನು ತಡೆಯುತ್ತದೆಯೇ ಎಂದು ಮ್ಯಾನುಯಲ್ ನೋಡದೆ ಹಾಗೆ ಮಾಡಬಾರದು. ಸ್ಪೀಕರ್ ಟರ್ಮಿನಲ್ ಲೋಹದ ಫ್ರೇಮಿಗೆ ತಾಕಿದರೆ ಡಿಕೋಡರ್‌ನ ಆಂಪ್ಲಿಫಯರ್ ಸುಟ್ಟುಹೋಗುತ್ತದೆ. ಹಾಗಾಗಿ ಬೆಸುಗೆಯ ಮೇಲೆ ಕ್ಯಾಪ್ಟಾನ್ ಟೇಪ್ (ಕರೆಂಟ್ ಹರಿಯಗೊಡದ, ಶಾಖ ತಡೆಯುವ ಟೇಪ್) ಹಚ್ಚದೆ ನಾನು ಬಾಡಿ ಮುಚ್ಚುವುದಿಲ್ಲ.

ಹಾರ್ನ್ ಬರುತ್ತದೆ, ಆದರೆ ಪೀಪಿಯಂತೆ ಕೀರಲು ಎನ್ನುವ ದೂರು ಬಹಳ. ಅಮೆರಿಕದ ಡೀಸೆಲ್‌ಗಳ ಕೆ5ಎಲ್‌ಎ ಹಾರ್ನಿನಲ್ಲಿ ಐದು ಸ್ವರಗಳಿವೆ. ಅತಿ ಕೆಳಗಿನದು ಸುಮಾರು 311 ಹರ್ಟ್ಸ್, ಮೇಲಿನದು ಅದರ ಎರಡರಷ್ಟು. ಸಣ್ಣ ಶುಗರ್ ಕ್ಯೂಬ್ ಸ್ಪೀಕರ್‌ಗೆ ಹಿಂದಿನ ಡಬ್ಬಿ ಇಲ್ಲದಿದ್ದರೆ ಕೋನಿನ ಹಿಂದಿನ ಅಲೆ ಮುಂದಿನದನ್ನು ಅಳಿಸುತ್ತದೆ, ಮೊದಲು ಮಾಯವಾಗುವುದೇ ಕೆಳಗಿನ ಸ್ವರಗಳು. ಡಬ್ಬಿ ಎಷ್ಟು ದೊಡ್ಡದು ಹಿಡಿಸುತ್ತದೋ ಅಷ್ಟು ದೊಡ್ಡದಿರಲಿ, ಆದರೆ ಗಾಳಿ ಸೋರಬಾರದು. ಅಂಚಿಗೆ ಬಿಳಿ ಅಂಟು ಹಚ್ಚುತ್ತೇನೆ, ವೈರ್ ಹೊರಬರುವ ತೂತಿಗೂ ಒಂದು ಹನಿ. ಕೋನಿಗೆ ಮಾತ್ರ ತಾಕಬಾರದು. ಹೊಸ ಡಿಕೋಡರ್ ಕೊಳ್ಳುವುದಕ್ಕಿಂತ ಈ ಒಂದು ಹನಿ ಅಂಟು ಹಾರ್ನಿಗೆ ಹೆಚ್ಚು ಉಪಕಾರ ಮಾಡುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಒಡಕು ಸದ್ದಿಗೆ ವಾಲ್ಯೂಮ್ ಅತಿಯಾಗಿರುವುದು ಸಾಮಾನ್ಯ ಕಾರಣ. ಒಟ್ಟು ವಾಲ್ಯೂಮ್ ಅರ್ಧಕ್ಕೆ ಇಳಿಸಿ ಕೇಳಿ. ಒಡಕು ಹೋದರೆ, ಡಿಕೋಡರ್‌ನ ಎಂಜಿನ್ ಸದ್ದನ್ನು ಇನ್ನಷ್ಟು ತಗ್ಗಿಸಿ. ಹಾರ್ನ್ ತಾನಾಗಿ ಎದ್ದು ಕೇಳಿಸುತ್ತದೆ. ಕಡಿಮೆ ವಾಲ್ಯೂಮಿನಲ್ಲೂ ಗುರ್ ಎಂದರೆ ಸ್ಪೀಕರ್‌ನ ಅಯಸ್ಕಾಂತ ಹಳಿಯ ಬಳಿಯ ಕಬ್ಬಿಣದ ಪುಡಿ ಎಳೆದುಕೊಂಡಿದೆಯೇ ನೋಡಿ, ಟೇಪಿನ ಅಂಟು ಬದಿಯಿಂದ ಒತ್ತಿ ತೆಗೆಯಿರಿ. ಬಾಡಿ ತೆಗೆದಾಗ ಸರಿಯಿದ್ದು, ಹಾಕಿದೊಡನೆ ಗುರ್ ಎಂದರೆ ಯಾವುದೋ ಬಿಡಿಭಾಗ ಸಡಿಲ. ಹಾರ್ನ್ ಒತ್ತಿ ಹಿಡಿದು, ಕ್ಯಾಬಿನ ಗಾಜು, ತೂಕದ ತುಂಡು, ಹ್ಯಾಂಡ್‌ರೇಲ್ ಒಂದೊಂದನ್ನೇ ಬೆರಳಿಂದ ಒತ್ತುತ್ತಾ ಹೋಗಿ. ಸದ್ದು ಅಡಗಿದ ಜಾಗಕ್ಕೆ ತೆಳು ಫೋಮ್ ಟೇಪಿನ ತುಂಡು ಹಚ್ಚಿ ಮುಚ್ಚಿ.