ಇಟಾಲಿಯನ್ನಿನ ‘ಸಿ’ ಮತ್ತು ನಮ್ಮ ‘ಕೊಳ್ಳು’

ಇಂಗ್ಲಿಷಿನ ಮೂಲಕ ಇಟಾಲಿಯನ್ ಕಲಿಯುವವರು ಆತ್ಮಾರ್ಥಕ ಕ್ರಿಯಾಪದಗಳ (ಕರ್ತೃ ತನಗೆ ತಾನೇ ಮಾಡಿಕೊಳ್ಳುವ ಕ್ರಿಯೆಯನ್ನು ಹೇಳುವ ಪದಗಳ) ಬಳಿ ಎಡವುವುದು ಸಹಜ, ಏಕೆಂದರೆ ಇಂಗ್ಲಿಷ್ ಆ ಅರ್ಥವನ್ನು ಬಹುಮಟ್ಟಿಗೆ ಬಾಯಿಬಿಟ್ಟು ಹೇಳುವುದೇ ಇಲ್ಲ. ಕನ್ನಡ ಬಲ್ಲವರು ಇಂಗ್ಲಿಷನ್ನು ಬದಿಗಿಟ್ಟು ನಮ್ಮ ‘ಕೊಳ್ಳು’ವನ್ನು ನೆನೆಯುವುದು ಒಳ್ಳೆಯದು. ‘ಲಾವೊ ಲಾ ಮಾಕ್ಕಿನಾ’ ಎಂದರೆ ಕಾರು ತೊಳೆಯುತ್ತೇನೆ. ‘ಮಿ ಲಾವೊ ಲೆ ಮಾನಿ’ ಎಂದರೆ ಕೈ ತೊಳೆದುಕೊಳ್ಳುತ್ತೇನೆ. ಇಲ್ಲಿ ‘ನನ್ನ ಕೈ’ ಎನ್ನುವ ಅಗತ್ಯ ನಮಗೂ ಇಲ್ಲ, ಇಟಾಲಿಯನ್ನರಿಗೂ ಇಲ್ಲ. ಕೈ ಯಾರದೆಂಬುದನ್ನು ನಮ್ಮಲ್ಲಿ ‘ಕೊಳ್ಳು’, ಅವರಲ್ಲಿ ‘ಮಿ’ ತಿಳಿಸಿಬಿಡುತ್ತದೆ. ನನಗೆ ಬಹಳ ಸಂತೋಷ ಕೊಟ್ಟ ಸಾಮ್ಯವಿದು.

ಆದರೆ ಈ ಹೋಲಿಕೆಯನ್ನು ಎಲ್ಲೆಡೆ ಎಳೆಯಬಾರದು. ‘ಏಳುತ್ತೇನೆ’ ಎನ್ನಲು ನಮಗೆ ‘ಕೊಳ್ಳು’ ಬೇಡ, ಅವರಿಗೆ ‘ಮಿ ಆಲ್ತ್ಸೊ’ ಎಂದೇ ಆಗಬೇಕು; ‘ನನ್ನ ಹೆಸರು’ ಎನ್ನುವ ‘ಮಿ ಕಿಯಾಮೊ’ ಕೂಡ ಹಾಗೆಯೇ. ಇಂಥವನ್ನು ‘ಆಲ್ತ್ಸಾರ್ಸಿ’, ‘ಕಿಯಾಮಾರ್ಸಿ’ ಎಂದು ‘ಸಿ’ ಸಹಿತವಾಗಿಯೇ ಬಾಯಿಪಾಠ ಮಾಡಿರಿ. ಮಿ (ನಾನು), ತಿ (ನೀನು), ಸಿ (ಅವನು, ಅವಳು), ಚಿ (ನಾವು), ವಿ (ನೀವು), ಸಿ (ಅವರು) ಎಂಬ ಸರ್ವನಾಮಗಳು ಕರ್ತೃವಿಗೆ ತಕ್ಕಂತೆ ಬದಲಾಗುತ್ತವೆ. ‘ಪಸ್ಸಾತೊ ಪ್ರೊಸ್ಸಿಮೊ’ ಎಂಬ ಭೂತಕಾಲದಲ್ಲಂತೂ ಸಹಾಯಕ ಕ್ರಿಯಾಪದವಾಗಿ ‘ಆವೆರೆ’ಯನ್ನು (ಹೊಂದಿರು) ಬಿಟ್ಟು ‘ಎಸ್ಸೆರೆ’ಯನ್ನೇ (ಇರು) ಬಳಸಬೇಕಾದ್ದರಿಂದ, ಮುಖ್ಯ ಕ್ರಿಯಾಪದದ ಕೊನೆ ಕರ್ತೃವಿನ ಲಿಂಗಕ್ಕೆ ತಕ್ಕಂತೆ ಬದಲಾಗುತ್ತದೆ: ‘ಸ್ನಾನ ಮಾಡಿಕೊಂಡೆ’ ಎಂಬರ್ಥದಲ್ಲಿ ಗಂಡಸು ‘ಮಿ ಸೊನೊ ಲವಾತೊ’ ಎಂದರೆ ಹೆಂಗಸು ‘ಮಿ ಸೊನೊ ಲವಾತಾ’ ಎನ್ನುತ್ತಾಳೆ.