ಉಪ್ಪುನೀರಿನ ಪೂಲ್‌ನಲ್ಲಿ ಕ್ಲೋರಿನ್ ಸಾಲುತ್ತಿಲ್ಲವಾ? ಮೊದಲು ಸೆಲ್ ಬಿಚ್ಚಿ ನೋಡಿ

ಬೆಂಗಳೂರಿನಲ್ಲಿ ಬಹಳ ಕಡೆ ಬೋರ್‌ವೆಲ್ ನೀರು ಗಡಸು. ಅಪಾರ್ಟ್‌ಮೆಂಟ್ ಪೂಲ್‌ಗೂ ಅದೇ ನೀರು ಬಿಟ್ಟರೆ ಕ್ಲೋರಿನ್ ಜನರೇಟರ್ ಸೆಲ್‌ನ (ಉಪ್ಪುನೀರಿಗೆ ಕರೆಂಟ್ ಹರಿಸಿ ಕ್ಲೋರಿನ್ ತಯಾರಿಸುವ ಭಾಗ) ತಗಡುಗಳ ಮೇಲೆ, ಗೀಸರ್ ಕಾಯಿಲ್‌ಗೆ ಕಟ್ಟುವ ಹಾಗೆ, ಬಿಳಿ ಸುಣ್ಣ ಕಟ್ಟುತ್ತದೆ. ಕ್ಲೋರಿನ್ ಕಡಿಮೆಯಾಗುತ್ತದೆ.

ಪಂಪ್ ನಿಲ್ಲಿಸಿ, ಕರೆಂಟ್ ತೆಗೆದು, ವಾಲ್ವ್ ಮುಚ್ಚಿ ಸೆಲ್ ಬಿಚ್ಚಿ. ತೆಳು ಪದರ ಆದರೆ ಪೈಪಿನ ನೀರು ಜೋರಾಗಿ ಬಿಟ್ಟರೆ ಸಾಕು. ಹೋಗದಿದ್ದರೆ ಮಾತ್ರ ಆಸಿಡ್, ಏಕೆಂದರೆ ಪದೇ ಪದೇ ಆಸಿಡ್ ಹಾಕಿದರೆ ತಗಡಿನ ಮೇಲಿನ ಲೇಪ ಸವೆಯುತ್ತದೆ. ಪ್ಲಾಸ್ಟಿಕ್ ಬಕೆಟ್‌ಗೆ ನಾಲ್ಕು ಪಾಲು ನೀರು ಹಾಕಿ, ಅದಕ್ಕೆ ಒಂದು ಪಾಲು ಹೈಡ್ರೋಕ್ಲೋರಿಕ್ ಆಸಿಡ್ ನಿಧಾನವಾಗಿ ಸುರಿಯಿರಿ. ಆಸಿಡ್‌ಗೆ ನೀರು ಸುರಿಯಲೇಬೇಡಿ! ಗ್ಲೌಸ್, ಕನ್ನಡಕ ಬೇಕೇ ಬೇಕು, ಕೆಲಸ ಬಯಲಲ್ಲೇ ಆಗಲಿ. ಹತ್ತಿರದಲ್ಲಿ ಕ್ಲೋರಿನ್ ಪುಡಿ ಇದ್ದರೆ ದೂರ ಇಡಿ, ಎರಡೂ ಸೇರಿದರೆ ವಿಷದ ಗಾಳಿ ಬರುತ್ತದೆ. ಈ ಆಸಿಡ್ ನೀರಲ್ಲಿ ಸೆಲ್ ಮುಳುಗಿಸಿ, ಆದರೆ ವೈರ್ ಸೇರುವ ಜಾಗ ನೆನೆಯಬಾರದು. ನೊರೆ ನಿಂತರೆ ತೆಗೆಯಿರಿ, 15 ನಿಮಿಷ ಮೀರಬೇಡಿ, ಚೆನ್ನಾಗಿ ತೊಳೆಯಿರಿ. ಸ್ಕ್ರೂಡ್ರೈವರ್‌ನಿಂದ ಕೆರೆಯುವುದು ಮಾತ್ರ ಬೇಡ, ಲೇಪ ಹೋದರೆ ಸೆಲ್ಲೇ ಹೋಯಿತು.

'ಲೋ ಸಾಲ್ಟ್' ಅಂತ ತೋರಿಸಿದ ತಕ್ಷಣ ಸುಮ್ನೆ ಉಪ್ಪಿನ ಮೂಟೆ ಸುರಿಯಬೇಡಿ. ಸುಣ್ಣ ಕಟ್ಟಿದ್ದರೂ, ನೀರು ತಣ್ಣಗಿದ್ದರೂ ಹಾಗೇ ತೋರಿಸಬಹುದು. ಉಪ್ಪು ಎಷ್ಟಿದೆ ಅಂತ ಬೇರೆ ಟೆಸ್ಟ್ ಸ್ಟ್ರಿಪ್‌ನಲ್ಲಿ ನೋಡಿ. ಬಹಳಷ್ಟು ಮಷೀನ್‌ಗಳಿಗೆ ಸುಮಾರು 3000ರಿಂದ 3500 ಪಿಪಿಎಂ (ಹತ್ತು ಲಕ್ಷ ಪಾಲು ನೀರಿಗೆ ಇಷ್ಟು ಪಾಲು) ಉಪ್ಪು ಸಾಕು, ಜಾಸ್ತಿಯಾದರೆ ನೀರು ಚೆಲ್ಲದೆ ದಾರಿಯಿಲ್ಲ. 'ಫ್ಲೋ' ಎರರ್ ಬಂದರೆ ಪಂಪ್ ಬುಟ್ಟಿಯ ಎಲೆ ತೆಗೆದು, ಫಿಲ್ಟರ್ ಬ್ಯಾಕ್‌ವಾಶ್ ಮಾಡಿ (ನೀರು ಹಿಮ್ಮುಖವಾಗಿ ಹರಿಸಿ ತೊಳೆಯಿರಿ).

ಈ ಪೂಲ್‌ಗಳಲ್ಲಿ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ತಾನಾಗಿಯೇ ಏರುತ್ತಿರುತ್ತದೆ. ವಾರಕ್ಕೊಮ್ಮೆ ನೋಡಿ 7.2ರಿಂದ 7.6ರೊಳಗೆ ಇಟ್ಟರೆ ಸುಣ್ಣ ಅಷ್ಟು ಬೇಗ ಕಟ್ಟುವುದಿಲ್ಲ.